ಗಂಜಿ ಹಾಕಿದ ಗಾಡಿ

ಮೊನ್ನೆ ಬೆಳಿಗ್ಗೆ ಮೊಮ್ಮಗ ತನ್ನ ವ್ಯಾನಿನ ಬಾಗಿಲು ತೆರೆದ. ಒಳಗಿಂದ ಬಂದ ವಾಸನೆಯನ್ನು ನಾನು ಜಗಲಿಯ ಮೇಲೆ ಕೂತಲ್ಲೇ ಗುರುತು ಹಿಡಿದೆ. ಕಣ್ಣು ಮಂಜು, ಕಿವಿ ಅರ್ಧ, ಮೂಗಿಗೆ ಮಾತ್ರ ಇನ್ನೂ ಹದಿನೆಂಟು. ಇಲಿ! ಮಳೆಗಾಲವೆಲ್ಲ ವ್ಯಾನು ಹಿತ್ತಲ ಚಪ್ಪರದಡಿ ಸುಮ್ಮನೆ ನಿಂತಿತ್ತು. ಯಾವಳೋ ತಾಯಿ ಸೀಟಿನ ಹೊಟ್ಟೆ ಬಗೆದು ಒಳಗೆ ಐದು ಮರಿ ಹಾಕಿದ್ದಳು. ಆ ವಾಸನೆ ನನ್ನನ್ನು ಐವತ್ತು ವರ್ಷ ಹಿಂದಕ್ಕೆ, ಸೇಲಂನ ನೇಕಾರರ ಬೀದಿಗೆ ಎಳೆದುಕೊಂಡು ಹೋಯಿತು. ನೀವೂ ಬನ್ನಿ, ದೂರವೇನಿಲ್ಲ.

ನಮ್ಮ ಮಾವನ ಹತ್ತಿರ ಒಂದು ಕಮಾನು ಗಾಡಿ ಇತ್ತು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಬದುಕುವವನಿಗೆ ಗಾಡಿ ಯಾಕೆ ಎಂದು ಬೀದಿಯವರು ನಗುತ್ತಿದ್ದರು. ಮಾವ ಕೇರೇ ಮಾಡಲಿಲ್ಲ. ಪೊಂಗಲ್ ಬರುವ ತೈ ತಿಂಗಳಲ್ಲಿ ಒಕ್ಕಲಿಗರ ಎತ್ತು ಬಾಡಿಗೆಗೆ ತಂದು, ಸೀರೆ ಪಂಚೆಗಳ ಮೂಟೆ ತುಂಬಿ ಹೊರಟರೆ, ಓಮಲೂರು, ನಲ್ಲಂಪಳ್ಳಿ, ಕಾರಿಮಂಗಲ ಎಂದು ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಗಾಡಿಯೊಳಗೆ ಹುಲ್ಲಿನ ಮೆತ್ತೆ, ಕೆಳಗೆ ತೂಗುವ ಮಡಕೆ, ನಿಂತಲ್ಲಿ ಮೂರು ಕಲ್ಲಿನ ಒಲೆ. ಹೆಂಡತಿ ಇಲ್ಲದ್ದು ಒಂದು ಬಿಟ್ಟರೆ ಅದು ಪೂರಾ ಸಂಸಾರವೇ.

ದೀಪಾವಳಿಯ ಹೊತ್ತಿಗೆ ಐಪ್ಪಸಿ ತಿಂಗಳ ಮಳೆ ಹಿಡಿದರೆ ಗಾಡಿ ಮನೆಯ ಹಿಂದಿನ ಕೊಟ್ಟಿಗೆ ಸೇರುತ್ತಿತ್ತು. ಆಗ ಮಾವನ ನಿಜವಾದ ಯುದ್ಧ ಶುರು. ಚಕ್ರ ಕಳಚಿ, ಗಾಡಿಯನ್ನು ನಾಲ್ಕು ಕಲ್ಲಿನ ಮೇಲೆ ಕೂರಿಸಿ, ಒಂದೊಂದು ಕಲ್ಲನ್ನೂ ನೀರು ತುಂಬಿದ ಅಗಲದ ಬಾನಿಯೊಳಗೆ ಇಡುತ್ತಿದ್ದರು. ಗೋಡೆಯಿಂದ ಇಲಿ ಹಾರದಂತೆ ಸುತ್ತ ಮೂರು ಮೊಳ ಜಾಗ. ಮೆತ್ತೆಯಡಿ ಬೇವಿನ ಸೊಪ್ಪು. ನೊಗ ಕಟ್ಟುವ ಮೂಕಿಯನ್ನು ಸೂರಿಗೆ ಕಟ್ಟಿದ ಹಗ್ಗಕ್ಕೆ ತೆಂಗಿನ ಚಿಪ್ಪನ್ನು ಬೋರಲು ಪೋಣಿಸಿದ್ದರು, ಇಳಿದು ಬರುವ ಇಲಿ ಜಾರಿ ಬೀಳಲಿ ಅಂತ. ಎರಡು ಮಳೆಗಾಲ ಒಂದು ಇಲಿಯೂ ಒಳಗೆ ಹೋಗಲಿಲ್ಲ. ಮೂರನೆಯ ಮಳೆಗಾಲಕ್ಕೆ ನಾನು ಸೊಸೆಯಾಗಿ ಬಂದೆ.

ಹೊಸ ಸೊಸೆಗೆ ಕೈ ಸುಮ್ಮನಿರುವುದಿಲ್ಲ, ಅದರಲ್ಲೂ ಅತ್ತೆಯ ಮೆಚ್ಚುಗೆ ಬೇಕಾಗಿದ್ದರೆ. ಅತ್ತೆ ಮಂಡಿನೋವಿನ ಹೆಂಗಸು, ಮಾತು ಕಮ್ಮಿ. ಅವರಿಗೆ ಇದ್ದದ್ದು ಒಂದೇ ಆಸೆ. ಮದುವೆಯಾಗಿ ಕಾರಿಮಂಗಲದ ಪಕ್ಕದ ಹಳ್ಳಿಯಿಂದ ನಡೆದೇ ಹೊರಟಾಗ ಅವರ ತಾಯಿ ಹೇಳಿದ್ದರಂತೆ: "ನಡಕಂಡು ಓಗ್ತಾ ಇದೀಯ. ಒಂದಿನ ನಿನ್ನ ಸ್ವಂತ ಗಾಡೀಲಿ ಬಾರವ್ವ." ಗಾಡಿಯೇನೋ ಬಂತು, ಆದರೆ ಪ್ರತಿ ಸಲವೂ ಅದರಲ್ಲಿ ಮೂಟೆಗಳಿಗೇ ಜಾಗ, ಅತ್ತೆಗಲ್ಲ. ಈ ಸಲ ಪೊಂಗಲ್ ಮುಗಿದ ಮೂರನೇ ದಿನ ಹೊರಡುವುದು ಎಂದು ಮಾವ ಮಾತು ಕೊಟ್ಟಿದ್ದರು. ಸಂತೆಯಿಂದ ಬಂದವರ ಕೈಲಿ ಸುದ್ದಿಯೂ ಬಂದಿತ್ತು: "ಅವ್ವ ಹಾಸಿಗೆ ಬಿಟ್ಟು ಏಳಾಕಿಲ್ಲ. ನಿನ್ನ ಕೇಳ್ತಾ ಐತೆ."

ಅತ್ತೆ ಕೂರುವ ಗಾಡಿ ಹೊಸದರಂತೆ ಕಾಣಲಿ ಎಂದು, ಪೊಂಗಲ್‌ಗೆ ಹದಿನೈದು ದಿನ ಮುಂಚೆಯೇ, ಯಾರಿಗೂ ಹೇಳದೆ ನಾನು ಕಮಾನಿನ ಬಟ್ಟೆ, ಮೆತ್ತೆಯ ಗವಸು, ಎರಡು ಪರದೆ ಎಲ್ಲವನ್ನೂ ಒಗೆದೆ. ಒಗೆದ ಮೇಲೆ? ನೇಕಾರರ ಮನೆಯಲ್ಲಿ ಗಂಜಿ ಕಾಣದ ಬಟ್ಟೆ ಬಟ್ಟೆಯೇ ಅಲ್ಲ. ಹಾಸಿನ ನೂಲಿಗೆ ಕಾಯಿಸುವ ಹಾಗೆಯೇ ಅಕ್ಕಿಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, ಎಲ್ಲವನ್ನೂ ಅದ್ದಿ ಒಣಗಿಸಿ ಗಾಡಿಗೆ ಕಟ್ಟಿದೆ. ತಟ್ಟಿದರೆ ತಮಟೆಯ ಸದ್ದು! ಹೆಮ್ಮೆಯಿಂದ ನಿದ್ದೆ ಬರಲಿಲ್ಲ. ಮಾವ ಕಟ್ಟಿದ ಕೋಟೆಯೊಳಗೆ ನಾನು ಇಲಿಗಳಿಗೆ ಎಲೆ ಹಾಕಿ ಬಡಿಸಿದ್ದೆ.

ಪೊಂಗಲ್ ಮಾರನೆಯ ದಿನ ಮಾವ ಪರದೆ ಸರಿಸಿದರು. ಗಂಜಿಯ ವಾಸನೆಗೆ ಇಲಿಗಳು ಬಾನಿಯ ನೀರನ್ನೂ ಈಜಿ ದಾಟಿದ್ದವು, ಪರದೆ ಜರಡಿಯಾಗಿತ್ತು. ಮೆತ್ತೆಯ ನಡುವೆ ಕಣ್ಣು ಬಿಡದ ಐದು ಕೆಂಪು ಮರಿಗಳು. ಮಾವ ಮೊರ ತರಲು ತಿರುಗಿದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ. ಸೊಸೆ ಒಟ್ಟೇಲಿ ಕೂಸೈತೆ. ಬಸುರಿ ಇರೋ ಮನೇಲಿ ಗೂಡು ಕೆಡವ್ತಾರಾ?"

"ಕೊಲ್ಲಾಕಿಲ್ಲ ಕಣೇ, ಎತ್ತಿ ಅತ್ತ ಇಡ್ತೀನಿ."

"ಮನುಷ್ಯರ ಕೈ ವಾಸನೆ ತಗುಲಿದ್ರೆ ತಾಯಿ ಬರಾಕಿಲ್ಲ. ಕಣ್ಣು ಬಿಟ್ಟು ಅವೇ ಓಗ್ಲಿ."

"ಅಂಗಾದ್ರೆ ಬಸ್ಸಲ್ಲಿ ಓಗಾನ. ಮದ್ಯಾನಕ್ಕೆ ಊರಲ್ಲಿರ್ತೀಯ."

ಅತ್ತೆ ಗಾಡಿಯ ಕಡೆ ತಿರುಗಿದರು. "ಗಾಡೀಲೇ ಬತ್ತೀನಿ ಅಂತ ಅವ್ವಂಗೆ ಅಂದಿವ್ನಿ," ಎಂದರು.

ಹರಿದ ಪರದೆಯ ತುಂಡನ್ನು ಮೂಗಿಗೆ ಹಿಡಿದಾಗ ಅವರಿಗೆ ಗಂಜಿಯ ಗುಟ್ಟು ತಿಳಿದಿತ್ತು. ನಾನು ಅಳತೊಡಗಿದೆ. "ಅಳ್ಬ್ಯಾಡ ಉಡುಗಿ, ಗಂಜಿ ನಮ್ಗೂ ಬೇಕು, ಅವುಕ್ಕೂ ಬೇಕು," ಎಂದು ತಲೆ ಸವರಿದರು. ಆಮೇಲೆ ಯಾವತ್ತೂ ಆ ಮಾತೆತ್ತಲಿಲ್ಲ.

ಇಪ್ಪತ್ತು ದಿನ ಕಾದರು. ಮರಿಗಳು ಕಣ್ಣು ಬಿಟ್ಟು ಒಂದೊಂದಾಗಿ ಹೊರಟ ಮೇಲೆ, ತೇಪೆ ಹಾಕಿದ ಗಾಡಿಯಲ್ಲಿ ಅತ್ತೆ ಮಾವ ಹೊರಟರು. ತಿರುಗಿ ಬಂದಾಗ ಅತ್ತೆ ಬಾಗಿಲಲ್ಲೇ ನನ್ನ ಹೊಟ್ಟೆ ಮುಟ್ಟಿ, "ಅವ್ವ ಚೆಂದಾಗಿ ಮಾತಾಡ್ತು. ನಿನ್ನ ಕೂಸು ನೂರು ವರ್ಸ ಬಾಳಲಿ ಅಂತು," ಎಂದರು. ನನ್ನ ಎದೆಯ ಭಾರ ಇಳಿಯಿತು. ಅಂದಿನಿಂದ ಈ ಕತೆಯನ್ನು ನಾನು ಎಷ್ಟು ಜನಕ್ಕೆ ಹೇಳಿದೆನೋ! ಐದು ಇಲಿಮರಿಗಾಗಿ ತವರನ್ನೇ ಕಾಯಿಸಿದ ಪುಣ್ಯವಂತೆ ಎಂದು.

ಅತ್ತೆ ತೀರಿಕೊಂಡ ವರ್ಷ ಒಂದು ಮಧ್ಯಾಹ್ನ ಮಾವ ಮಗ್ಗ ನಿಲ್ಲಿಸಿ ಹೇಳಿದರು: "ನಿಮ್ಮತ್ತೆ ಅವ್ವ, ಆ ಮುದುಕಿ, ಎಲ್ಲಿ ಮಾತಾಡ್ತು ತಾಯಿ? ನಾವು ಓಗೋಕೆ ಮೂರು ದಿನ ಮುಂಚೆ ಬಾಯಿ ಬಿದ್ದೋಗಿತ್ತು. ಮಗಳ ಗುರ್ತೂ ಸಿಗ್ಲಿಲ್ಲ. ಅಲ್ಲೀಗಂಟ ಬೀದೀಲಿ ಗಾಡಿ ಸದ್ದು ಕೇಳಿದ್ರೆ ಎದ್ದು ಕೂತ್ಕೊಳ್ತಿತ್ತಂತೆ."

ಅಂದರೆ ಆ ಆಶೀರ್ವಾದ ಅತ್ತೆಯದ್ದೇ. ನನಗೆ ನೋವಾಗಬಾರದೆಂದು ತಾಯಿಯ ಬಾಯಲ್ಲಿ ಹೇಳಿಸಿದ್ದರು. ಇದು ತಿಳಿದ ಮೇಲೂ ನಾನು ಕತೆಯನ್ನು ಹಳೆಯ ರೀತಿಯಲ್ಲೇ ಹೇಳುತ್ತಾ ಬಂದೆ. ಈ ಕೊನೆಯ ಭಾಗ ನುಂಗಿಕೊಂಡು. ಹೇಡಿತನ, ಇನ್ನೇನು.

ಮೊನ್ನೆ ಆ ಕತೆ ನನ್ನ ಎದುರಿಗೇ ಬಂದು ನಿಂತಿತು. ಮೊಮ್ಮಗನ ಹೆಂಡತಿ ಸೆಲ್ವಿಗೆ ಈಗ ಐದು ತಿಂಗಳು. ನಲ್ಲಂಪಳ್ಳಿಯಲ್ಲಿ ಅವಳ ತಾಯಿಗೆ ಮೈ ಸರಿಯಿಲ್ಲ, ವ್ಯಾನಿನಲ್ಲಿ ಇಬ್ಬರೂ ಅಂದೇ ಹೊರಡಬೇಕಿತ್ತು. ಮೊಮ್ಮಗ ಕೋಲು ಹುಡುಕುತ್ತಿದ್ದ.

"ವೇಣಾಂ, ಬ್ಯಾಡ, ಬಿಟ್ಬಿಡಿ," ಎಂದಳು ಸೆಲ್ವಿ. "ಅಜ್ಜಿ ಕತೆ ಹೇಳಿಲ್ವಾ? ಕಣ್ಣು ಬಿಟ್ಟು ಅವೇ ಓಗ್ಲಿ. ಅಮ್ಮನ್ನ ಆಮ್ಯಾಕೆ ನೋಡಾನ." ಹೇಳಿ, ನಾನು ಮೆಚ್ಚುತ್ತೇನೆಂದು ನನ್ನ ಕಡೆ ನೋಡಿದಳು.

ನಾನು ಜಗಲಿ ಇಳಿದೆ. ಮಂಡಿ ಈಗ ನನ್ನದೂ ಅತ್ತೆಯದೇ. "ಮರಿ ಇರ್ಲಿ ಕಣಮ್ಮ. ನೀನು ಬಸ್ ಹತ್ತು. ಈಗ್ಲೇ," ಎಂದೆ. ನಿಂತಲ್ಲೇ ಉಳಿದ ಭಾಗವನ್ನೂ ಹೇಳಿದೆ. ಸೆಲ್ವಿ ಒಳಗೆ ಹೋಗಿ ಸೀರೆ ಬದಲಾಯಿಸಿದಳು.

ಬಸ್ ಸ್ಟ್ಯಾಂಡಿನವರೆಗೂ ನಾನೂ ಹೋದೆ. ಸೆಲ್ವಿ ಕಿಟಕಿಯ ಪಕ್ಕ ಕೂತಳು, ಮೊಮ್ಮಗ ಚೀಲ ಮೇಲಿಟ್ಟು ಅವಳ ಪಕ್ಕ ಕೂತ, ಬಸ್ಸು ಹೊರಟಿತು. ಐವತ್ತು ವರ್ಷ ತಡವಾಗಿ ನಾನು ಅತ್ತೆಯನ್ನು ಬಸ್ಸು ಹತ್ತಿಸಿ ಕಳಿಸಿದ್ದೆ. ಬಸ್ಸು ತಿರುವು ದಾಟುವವರೆಗೆ ನಿಂತಿದ್ದು, ಮನೆಗೆ ಬಂದು, ತೆರೆದೇ ಇದ್ದ ವ್ಯಾನಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದೆ.