ತಾಮ್ರದ ಕೊಡದಲ್ಲಿ ಕಳಿಸಿದ ನೀರು

ಹಲವಾಗಲು ಊರಿನ ನಮ್ಮ ಹಿತ್ತಲಿನ ಬಾವಿ ತೋಡಿಸಿದ್ದು ನನ್ನ ಅತ್ತೆ. ಹೊಳೆ ಹತ್ತಿರವಿದ್ದರೂ ಓಣಿಯ ಹೆಂಗಸರೆಲ್ಲ ಕುಡಿಯುವ ನೀರಿಗೆ ಈ ಬಾವಿಗೇ ಬರುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರಿಗೂ ಒಂದು ಮಾತು ಕುಟುಕಿಯೇ ಕಳಿಸುತ್ತಿದ್ದಳು. ಆ ಕಟ್ಟೆಯೇ ಅವಳ ಗದ್ದುಗೆ.

ತೊಂಬತ್ತರ ದಶಕದ ಕೊನೆಗೆ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಳು. ಹೊಳೆದಂಡೆಯ ಮಣ್ಣಿನಲ್ಲಿ, ಬಾವಿಗಳ ನೀರಿನಲ್ಲಿ ಯಾವ ಲೋಹ ಎಷ್ಟು ಬೆರೆತಿದೆ ಎಂದು ನೋಡುವುದು ಅವಳ ಓದು. ಕಬ್ಬಿಣದ ಸಲಿಕೆ ಮುಟ್ಟಿಸದೆ ಪ್ಲಾಸ್ಟಿಕ್ ಚಮಚದಲ್ಲಿ ಮಣ್ಣು ಎತ್ತುತ್ತಿದ್ದಳು.

"ಮಣ್ಣಿಗೂ ಮಡಿ ಮಾಡ್ತಿ ಏನವಾ?" ಎಂದು ನಾನು ನಕ್ಕಿದ್ದೆ.

ಹೋಗುವಾಗ ಬಾಟಲಿಗಳನ್ನು ಕೊಟ್ಟಳು. "ಅಕ್ಕಾರ, ತಿಂಗಳಿಗೊಂದು ಬಾವಿ ನೀರು ತುಂಬಿ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡ್ರಿ."

ಯಾವುದರಲ್ಲಿ ತುಂಬಬೇಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಓದಿದವರ ಕಡೆ ಹೋಗುವ ನೀರು, ದಿನಬಳಕೆಯ ಪ್ಲಾಸ್ಟಿಕ್ ಕೊಡದಲ್ಲಿ ತುಂಬಿದರೆ ಮರ್ಯಾದೆಯೇ? ದೇವರ ಮನೆಯ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸಂಜೆಯೇ ನೀರು ತುಂಬಿಟ್ಟು, ಬೆಳಿಗ್ಗೆ ಬಾಟಲಿಗೆ ಬಗ್ಗಿಸುತ್ತಿದ್ದೆ.

ಮೂರು ಬಾಟಲಿ ಹೋದ ಮೇಲೆ ಪಂಚಾಯ್ತಿಗೆ ಕಾಗದ ಬಂತು. ನಮ್ಮ ಬಾವಿಯಲ್ಲಿ ತಾಮ್ರದ ಅಂಶ ಹೆಚ್ಚು. ಕಾಗದದಲ್ಲಿದ್ದ ಲೋಹ ಓಣಿಗೆ ಬರುವಷ್ಟರಲ್ಲಿ ವಿಷವಾಗಿತ್ತು. ನಮ್ಮ ಬಾವಿಗೆ ಬರುವುದನ್ನು ಮೊದಲು ಬಿಟ್ಟವಳು ಪಕ್ಕದ ಮನೆಯವಳು.

"ನನ್ನ ಮಗಳ ಹೊಟ್ಟಿನೋವು ಇದಾ ನೀರಿಂದ ಬಂದಿರಬೇಕು," ಎಂದಳು.

"ಲೇ, ಇಷ್ಟು ವರ್ಷ ಕುಡುದು ನಿನ್ನ ಬಾಯಿ ಇಷ್ಟು ಜೋರೈತಿ. ವಿಷ ಎಲ್ಲೈತಿ?" ಎಂದಳು ಅತ್ತೆ. ಯಾರೂ ನಗಲಿಲ್ಲ. ವಾರದೊಳಗೆ ಓಣಿಯವರು ಬರುವುದು ನಿಂತು ಬಾವಿಯ ಹಗ್ಗ ಒಣಗಿತು.

ಹುಡುಗಿ ಓಡಿ ಬಂದಳು. "ನೀರು ಹೆಂಗ ತುಂಬಿದ್ರಿ, ಅಕ್ಕಾರ?"

ಹೊಳೆಯುತ್ತಿದ್ದ ಕೊಡವನ್ನು ಹೆಮ್ಮೆಯಿಂದ ತಂದು ತೋರಿಸಿದೆ. ಅವಳು ಕೊಡದೊಳಗೆ ಇಣುಕಿ ನೋಡಿದಳು. "ನನ್ನ ಮಡಿಗೆ ನಕ್ಕಿದ್ರಿ. ನಿಮ್ಮ ಮಡಿ ನಿಮ್ಮ ಬಾವಿನ ಕೆಡಿಸ್ತು ನೋಡ್ರಿ."

ತಾನೇ ನೀರು ಸೇದಿ ಒಯ್ದಳು. ಎರಡನೆಯ ಕಾಗದ ಬಂತು: ಬಾವಿ ಚೆನ್ನಾಗಿದೆ. ಅದನ್ನು ಹಿಡಿದು ನಾನು ಮನೆಮನೆಗೂ ಹೋದೆ, ತಪ್ಪು ನನ್ನದು ಎಂದೆ. ಮೊದಲನೆಯ ಕಾಗದ ನಂಬಿದವರು ಇದನ್ನು ನಂಬಲಿಲ್ಲ.

"ಈಗ ಓಣಿಗೆ ನಳ ಬಂದೈತಲ್ಲ, ಬಿಡವಾ," ಎಂದಳು ಪಕ್ಕದವಳು.

ಅತ್ತೆಗೂ ಹೇಳಿದೆ. "ಕೊಡ ಹಂಗ ತಿಕ್ಕಾದು ನಿನಗ ಕಲಿಸಿದಾಕಿ ನಾನಾ," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಸಾಯುವ ತನಕ ಆ ನೀರನ್ನೇ ಕುಡಿದಳು, ಆ ಕಟ್ಟೆಯ ಮೇಲೆಯೇ ಕೂತಳು. ಕುಟುಕಲು ಎದುರಿಗೆ ಯಾರೂ ಇರಲಿಲ್ಲ.

ಮೊನ್ನೆ ಪಕ್ಕದ ಮನೆಯವಳಿಂದ ಮೊಬೈಲಿಗೆ ಮೆಸೇಜ್ ಬಂತು. ತಾಮ್ರದ ಪಾತ್ರೆಯಲ್ಲಿಟ್ಟ ನೀರು ಕುಡಿಯಿರಿ, ನೂರು ರೋಗ ದೂರ. ಒಂದೇ ಬೆರಳಲ್ಲಿ ಅರ್ಧ ಗಂಟೆ ಒತ್ತಿ ಉತ್ತರ ಬರೆದೆ: "ಇದನ್ನ ನಮ್ಮತ್ತಿಗೆ ಹೇಳಬೇಕಿತ್ತಲೇ."

ಅವಳು ಕೈಮುಗಿದ ಚಿತ್ರವೊಂದನ್ನು ಕಳಿಸಿದಳು.