ಹಳೆಯ ಡಬ್ಬಿಯ ಇದ್ದಿಲು

ನೀಲವ್ವಾ, ನಿನ್ನ ಅಕ್ಕನಿಗೆ ನಾನು ಕುಡಿಸಿದ್ದು ಕೆಟ್ಟುಹೋದ ಔಷಧಿ. ಗೊತ್ತಿದ್ದೂ, ಸುಳ್ಳು ಹೇಳಿ ಕುಡಿಸಿದೆ.

ಮಹಾಯುದ್ಧ ಮುಗಿದ ಮರುವರ್ಷ. ಬಬಲೇಶ್ವರದ ದವಾಖಾನೆಯಲ್ಲಿ ನಾನು ಕಂಪೌಂಡರ್. ವಿಷ ಹೊಟ್ಟೆಗೆ ಹೋದವರಿಗೆ ನೀರಲ್ಲಿ ಕಲಸಿ ಕುಡಿಸುವ ಇದ್ದಿಲ ಪುಡಿ ನನ್ನ ಸುಪರ್ದಿಯಲ್ಲಿತ್ತು. ಆ ಪುಡಿ ವಿಷವನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಗಾಳಿ, ತೇವ ತಾಗುತ್ತ ಹೋದರೆ ಕಣಕಣದ ಮೈಯೇ ಬದಲಾಗಿ ಹಿಡಿತ ಸಡಿಲವಾಗುತ್ತದೆ — ಬಣ್ಣ ಮಾತ್ರ ಅದೇ ಕಪ್ಪು. ಡಬ್ಬಿ ಬಿಗಿಯಾಗಿ ಮುಚ್ಚಿಡು ಎಂದು ಡಾಕ್ಟರು ಎರಡು ಸಲ ಗದರಿದ್ದರು. ನಾನು ಮುಚ್ಚಳ ಕಳೆದುಕೊಂಡಿದ್ದೆ. ಹೇಳಲು ಹೆದರಿ, ಎರಡು ಮಳೆಗಾಲ ಹಾಗೇ ತೆರೆದಿಟ್ಟಿದ್ದೆ.

ಆ ಮುಂಜಾನೆ ನೀನು ಜೈನಾಪುರದಿಂದ ಗಂಗವ್ವನನ್ನು ಚಕ್ಕಡಿಯಲ್ಲಿ ಕರೆತಂದೆ. ಯಾರೋ ಹೇಳಿದರೆಂದು ಉಬ್ಬಸಕ್ಕೆ ಮದಗುಣಕಿ ಬೀಜ — ದತ್ತೂರಿಯ ವಿಷಬೀಜ — ಅರೆದು ಕುಡಿದಿದ್ದಳು. ಕಣ್ಣು ಅಗಲವಾಗಿದ್ದವು, ಬೆರಳುಗಳು ಗಾಳಿಯಲ್ಲಿ ಇಲ್ಲದ ದಾರ ಹೆಕ್ಕುತ್ತಿದ್ದವು.

"ಹೊಸಾ ಡಬ್ಬಿ ಒಡದಿಯೇನೊ?" ಡಾಕ್ಟರು ಒಳಗಿನಿಂದ ಕೇಳಿದರು.

"ಒಡದೇನ್ರಿ."

ಒಡೆದಿರಲಿಲ್ಲ. ಒಡೆದರೆ ಹಳೆಯದನ್ನು ಅವರಿಗೆ ತೋರಿಸಬೇಕಿತ್ತು. ಇದ್ದಿಲು ಇದ್ದಿಲೇ ಅಲ್ಲವೇ, ಅಂದುಕೊಂಡು ಹಳೆಯದನ್ನೇ ಕಲಸಿ ಕುಡಿಸಿದೆ.

ಮಧ್ಯಾಹ್ನಕ್ಕೆ ಗಂಗವ್ವ ತೀರಿಕೊಂಡಳು. "ನಾನ ತಡಾ ಮಾಡಿದ್ನಿರಿ, ಎತ್ತು ಹುಡುಕೂದ್ರಾಗ ಹೊತ್ತು ಹೋತ್ರಿ" ಎಂದು ನೀನು ಎದೆ ಬಡಿದುಕೊಂಡೆ. ನಾನು "ದೇವರ ಇಚ್ಛಾ ಬೇ" ಅಂದೆ.

ನೀವು ಹೋದ ಮೇಲೆ, ಗಾಯಕ್ಕೆ ಹಚ್ಚುವ ನೇರಳೆ ಔಷಧಿಯನ್ನು ಎರಡು ಲೋಟ ನೀರಿಗೆ ಬೆರೆಸಿದೆ. ಒಂದಕ್ಕೆ ಹೊಸ ಡಬ್ಬಿಯ ಪುಡಿ, ಇನ್ನೊಂದಕ್ಕೆ ಹಳೆಯದು. ಕಲಕಿ, ಬಟ್ಟೆಯಲ್ಲಿ ಸೋಸಿದೆ. ಹೊಸದರ ನೀರು ತಿಳಿಯಾಗಿ ಇಳಿಯಿತು. ಹಳೆಯದರದು — ನೇರಳೆಯಾಗಿಯೇ. ಇಷ್ಟೊಂದು ವ್ಯತ್ಯಾಸವೇ! ಕಣ್ಣಾರೆ ಕಂಡರೂ ನಂಬಲಾಗದೆ ಇನ್ನೊಮ್ಮೆ ಸೋಸಿ ನೋಡಿದೆ.

ಹೊಸದು ಕೊಟ್ಟಿದ್ದರೂ ಆಕೆ ಉಳಿಯುತ್ತಿರಲಿಲ್ಲವೇನೋ — ಈ ಮಾತನ್ನು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಇನ್ನು ಹೇಳಿಕೊಳ್ಳುವುದಿಲ್ಲ.

ಮೊನ್ನೆ ವಿಜಾಪುರದ ಸಂತೆಯಲ್ಲಿ ನೀನು ಸಿಕ್ಕೆ. ತಲೆ ಬೆಳ್ಳಗಾಗಿದೆ. ನನ್ನ ಗುರುತು ಹಿಡಿದು, ಮೊಮ್ಮಗಳ ಎದುರೇ ಅಂದೆ: "ನಾ ತಡಾ ಮಾಡಿ ಅಕ್ಕನ್ನ ಕಳಕೊಂಡ್ನಿ ನೋಡ್ರಿ." ಇನ್ನೂ! ನಾನು ಮಾಡಿದ್ದನ್ನು ನೀನು ಇಷ್ಟು ವರ್ಷ ನಿನ್ನದೆಂದು —

ಈ ಕಾಗದವನ್ನು ಮೊಮ್ಮಗಳಿಂದಲೇ ಓದಿಸು, ಆಕೆಯೂ ತಿಳಿಯಲಿ. ಸೋಮವಾರ ಜೈನಾಪುರಕ್ಕೆ ಬರುತ್ತೇನೆ. ಒಳಗೆ ಕರೆಯಬೇಡ. ನೀನು ಏನು ಅನ್ನುತ್ತೀಯೋ ಅದನ್ನು ಅಂಗಳದಲ್ಲಿ ನಿಂತು ಕೇಳುತ್ತೇನೆ.