ಗಲೀನಾ ಪೆಟ್ರೋವ್ನಾ ನೆಲದ ಮೇಲೆ ಕೂತ ದಿನ

ಅತ್ತೆಯ ಕೈಯಿಂದ ಹಾಳೆಗಳು ಜಾರಿ ಬಿದ್ದವು. ಅತ್ತೆ ಅವುಗಳ ಮೇಲೆ ಕೂತರು. ನಾವಿಬ್ಬರೂ ನಕ್ಕೆವು.

ನಗಲು ಕಾರಣವಿತ್ತು. ನನ್ನ ಹೆಂಡತಿ ಲೆನಾಳ ತಾಯಿ ಗಲೀನಾ ಪೆಟ್ರೋವ್ನಾ ರಷ್ಯಾದ ರಂಗನಟಿ. ನಾಟಕದ ಮಾತಿನ ಹಾಳೆ ನೆಲಕ್ಕೆ ಬಿದ್ದರೆ ಅಲ್ಲಿಯ ನಟರು ಸುಮ್ಮನೆ ಎತ್ತಿಕೊಳ್ಳುವುದಿಲ್ಲ. ಮೊದಲು ಅದರ ಮೇಲೆ ಕೂರಬೇಕು, ಆಮೇಲೆ ಎತ್ತಬೇಕು. ಇಲ್ಲದಿದ್ದರೆ ನಾಟಕ ಕೆಡುತ್ತದಂತೆ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮೈಸೂರಿನ ಮನೆಯಲ್ಲಿ ಬೆಳೆದ ನನಗೆ ಇದನ್ನು ನೋಡಿ ಮೊದಮೊದಲು ಮೈ ಜುಂ ಅನ್ನುತ್ತಿತ್ತು. ಆಮೇಲೆ ರೂಢಿಯಾಯಿತು.

ಅಮೆರಿಕದ ಹರ್ನ್‌ಡನ್‌ನ ನಮ್ಮ ಟೌನ್‌ಹೌಸ್‌ನಲ್ಲಿ ಅದು ಶನಿವಾರದ ಬೆಳಗ್ಗೆ. ಇಲ್ಲಿಯ ರಷ್ಯನ್ನರು ಚರ್ಚ್ ಹಾಲೊಂದರಲ್ಲಿ ಆಡಲಿದ್ದ ನಾಟಕಕ್ಕೆ ಅತ್ತೆ ಮಾತು ಉರು ಹಚ್ಚುತ್ತಿದ್ದರು. ಕೂತವರು ಏಳಲಿಲ್ಲ. "ಇನ್ನು ಏಳಮ್ಮ" ಎಂದು ಲೆನಾ ರಷ್ಯನ್‌ನಲ್ಲಿ ಛೇಡಿಸಿದಳು. ನಾನು ಕಾಫಿ ಬಗ್ಗಿಸಿಕೊಂಡು ಬಂದೆ, ಕುಡಿದೆ ಕೂಡ. ಲೋಟ ಕೆಳಗಿಟ್ಟು ನೋಡುತ್ತೇನೆ, ಅವರ ಬಾಯಿಯ ಬಲಗಡೆ ಜೋತುಬಿದ್ದಿದೆ.

ಸ್ಟ್ರೋಕ್.

ಎಮರ್ಜೆನ್ಸಿಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ? ರಕ್ತದ ಗಡ್ಡೆ ಕರಗಿಸುವ ಔಷಧ ಕೊಡಲು ಅದು ಗೊತ್ತಿರಬೇಕಂತೆ. ಲೆನಾ ನನ್ನ ಮುಖ ನೋಡಿದಳು. ಎದುರಿಗೇ ಇದ್ದೆವು, ಆದರೆ ಅವರು ಕೂತದ್ದು ಶಾಸ್ತ್ರಕ್ಕೋ ಕುಸಿದೋ ಎಂದು ಯಾರು ಹೇಳಬೇಕು? ನಾಟಕದವರ ನಂಬಿಕೆಯನ್ನು ಆ ಡಾಕ್ಟರಿಗೆ ವಿವರಿಸುವಾಗ ನನ್ನ ನಾಲಿಗೆಯೇ ತೊದಲಿತು. ಔಷಧವನ್ನೇನೋ ಕೊಟ್ಟರು. ಜೀವ ಉಳಿಯಿತು. ಬಲಗೈ ಸೋತಿತ್ತು.

"ಅಫೇಸಿಯಾ," ಅಂದರು ಡಾಕ್ಟರ್. "ಮಾತು ಹೋಗಿದೆ."

"ಯಾವ ಭಾಷೆ ಹೋಗಿದೆ?" ಎಂದು ಕೇಳಿದೆ. ಪೆದ್ದನ ಹಾಗೆ.

"ಸದ್ಯಕ್ಕೆ ಎಲ್ಲವೂ."

ಹದಿನೆಂಟನೇ ವಯಸ್ಸಿಗೇ ರಷ್ಯಾದ ಒಂದು ಸಣ್ಣ ಊರಿನ ರಂಗಮಂದಿರ ಸೇರಿದವರು ಅತ್ತೆ. ರಾಜಕುಮಾರಿ ಆಗಿ, ಪ್ರೇಯಸಿ ಆಗಿ, ಆಮೇಲೆ ತಾಯಿ, ಕೊನೆಗೆ ಅಜ್ಜಿಯ ಪಾತ್ರಕ್ಕೆ ಬಂದರು. ದೊಡ್ಡ ನಗರಕ್ಕೆ ಕರೆ ಬಂದಾಗಲೂ ಹೋಗಲಿಲ್ಲ. ತಂದೆಯಿಲ್ಲದ ಲೆನಾ ಮೇಕಪ್ ರೂಮಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ರಂಗದ ಮೇಲಿನ ಮಾತು ಅಲ್ಲಿಯ ಗೋಡೆಯ ಸ್ಪೀಕರಿನಲ್ಲಿ ಕೇಳುತ್ತಿತ್ತು. ಅಮ್ಮನ ಧ್ವನಿ ಕೇಳುತ್ತಿರುವಷ್ಟು ಹೊತ್ತು ಭಯವಾಗುತ್ತಿರಲಿಲ್ಲ ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನನಗೆ ಹೇಳಿದಳು. ಹೇಳುತ್ತಾ ಅತ್ತಳು. ಅವಳು ಅತ್ತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ, ಹೆದರಿಬಿಟ್ಟೆ.

ಮನೆಗೆ ಕರೆತಂದೆವು. ನನಗೆ ವರ್ಕ್ ಫ್ರಮ್ ಹೋಮ್ ಇದ್ದದ್ದರಿಂದ ಹಗಲಿನ ಆರೈಕೆ ನನ್ನ ಪಾಲಿಗೆ ಬಂತು. ಸ್ಪೀಚ್ ಥೆರಪಿಸ್ಟ್ ಹುಡುಗಿ ಲೋಟ, ಬೆಕ್ಕು, ಬೀಗದಕೈ ಚಿತ್ರ ತೋರಿಸುತ್ತಿದ್ದಳು. ಅತ್ತೆ ಬಾಯಿ ತೆರೆಯುತ್ತಿದ್ದರು, ಗಾಳಿ ಬರುತ್ತಿತ್ತು. ನಮ್ಮ ಕನ್ನಡ ಕೂಟದ ಸುಮಕ್ಕ ತಿಳಿಸಾರು ಹಿಡಿದು ಬಂದರು.

"ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಡ್ರೈವ್ ಮಾಡ್ಕೊಂಡ್ ಹೋಗಿ ಅರ್ಚನೆ ಮಾಡಿಸ್ದೆ ಕಣೋ," ಅಂದರು. "ಆಂಟಿ ನಕ್ಷತ್ರ ಗೊತ್ತಿರ್ಲಿಲ್ಲ. ನಮ್ಮೆಜಮಾನ್ರದ್ದೇ ಹೇಳ್ಬಿಟ್ಟೆ, ಪರ್ವಾಗಿಲ್ವಾ?"

"ಅವ್ರಿಗೂ ಒಳ್ಳೇದಾಗ್ಲಿ ಬಿಡಿ ಸುಮಕ್ಕ," ಅಂದೆ. ಬಹಳ ದಿನಗಳ ಮೇಲೆ ನಕ್ಕಿದ್ದೆ.

ಅತ್ತೆಗೆ ನುಂಗಲು ಆಗುತ್ತದೆಯೇ ಎಂಬ ಪರೀಕ್ಷೆಯಾಗಿ, ಮೆತ್ತಗಿನ ಊಟಕ್ಕೆ ಒಪ್ಪಿಗೆ ಸಿಕ್ಕಿತು. ಅವತ್ತು ರಾತ್ರಿ ಲೆನಾಳೂ ಮೇಜಿಗೆ ಬಂದು ಕೂತಳು, ನಾನು ಮೊಸರನ್ನವನ್ನು ನುಣ್ಣಗೆ ಹಿಸುಕಿ ಅತ್ತೆಗೆ ಬಡಿಸಿದೆ. ಎಡಗೈಯಲ್ಲಿ ಚಮಚ ಹಿಡಿದು ನಿಧಾನವಾಗಿ ಉಂಡರು. ತಟ್ಟೆ ಖಾಲಿಯಾಗುವ ಮುಂಚೆಯೇ ಅಭ್ಯಾಸಬಲದಿಂದ ಇನ್ನೊಂದು ಸೌಟು ಎತ್ತಿದೆ. ನಮ್ಮ ಮನೆಯ ಪದ್ಧತಿಯೇ ಹಾಗೆ, ಉಣ್ಣುವವರು ಕೈ ಅಡ್ಡ ಹಿಡಿದ ಮೇಲೂ ಒಂದು ಸೌಟು ಬೀಳಬೇಕು.

"ಸಾಕು."

ಕೈ ಅಲ್ಲೇ ನಿಂತಿತು. ಕನ್ನಡ. ಅತ್ತೆಯದೇ ಧ್ವನಿ, ಹೊಟ್ಟೆಯೊಳಗಿಂದ ಎದ್ದು ಕೊನೆಯ ಸಾಲಿನವರೆಗೂ ಮುಟ್ಟುವ ಧ್ವನಿ. ಅಮೆರಿಕಕ್ಕೆ ಬಂದ ಹೊಸತರಲ್ಲಿ ನನ್ನ ಬಲವಂತ ತಡೆಯಲಾರದೆ ಅವರು ಕಲಿತ ಒಂದೇ ಒಂದು ಕನ್ನಡ ಪದ. ದಿನಾ ಬಾಯಲ್ಲಿ ಆಡಿದ್ದು ಕೆಲವೊಮ್ಮೆ ಹೀಗೆ ತಾನಾಗಿ ಹೊರಬರುತ್ತದೆ ಎಂದು ಆಮೇಲೆ ಥೆರಪಿಸ್ಟ್ ಹೇಳಿದಳು. ಆದರೆ ಆ ಕ್ಷಣ ನನಗೆ ಲೆನಾಳ ಮುಖ ನೋಡಲು ಧೈರ್ಯ ಬರಲಿಲ್ಲ. ಮಗಳ ಹೆಸರು ಬಿಟ್ಟು, ನಲವತ್ತು ವರ್ಷ ರಂಗದ ಮೇಲೆ ಆಡಿದ ಭಾಷೆ ಬಿಟ್ಟು, ಅಳಿಯನ ಊಟದ ಮಾತು ಬಂದಿತ್ತು. ಅವಳಿಗೆ ಹೊಟ್ಟೆ ಉರಿದಿರಬೇಕು.

"ಇನ್ನೊಂದು ಸೌಟು ಹಾಕು," ಅಂದಳು ಲೆನಾ, ಇಂಗ್ಲಿಷಿನಲ್ಲಿ.

"ಸಾಕು ಅಂದರಲ್ಲ."

"ಗೊತ್ತು. ಹಾಕು. ನಾನು ಇನ್ನೊಂದು ಸಲ ಕೇಳಬೇಕು."

ಹಾಕಿದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಉಸಿರು ತುಂಬಿಕೊಂಡು, ಮೊದಲಿಗಿಂತ ಗಟ್ಟಿಯಾಗಿ ಹೇಳಿದರು. ಲೆನಾ ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಳು, ಕೇಳಿಸಿಕೊಳ್ಳುವವಳ ಹಾಗೆ.

ಇತ್ತೀಚೆಗೆ ರಷ್ಯನ್ ಪದಗಳು ಒಂದೊಂದಾಗಿ ಬರುತ್ತಿವೆ. ನೀರು, ಕಿಟಕಿ, ನೋವು. ರಂಗಕ್ಕೆ ಮರಳುವ ಮಾತನ್ನು ಯಾರೂ ಆಡುತ್ತಿಲ್ಲ, ಇಷ್ಟಾದರೂ ಆಯಿತಲ್ಲ ಎಂದುಕೊಂಡಿದ್ದೇವೆ. ಲೆನಾಳ ಹೆಸರು ಇನ್ನೂ ಬಂದಿಲ್ಲ. ರಾತ್ರಿ ಊಟಕ್ಕೆ ಈಗ ಬಡಿಸುವವಳು ಅವಳೇ, ಮತ್ತು ನನಗಿಂತ ಹೆಚ್ಚು ಬಲವಂತ ಮಾಡುತ್ತಾಳೆ.